ಪದ ಪರಿಚಯ: ಸ್ಮ್ಯಾಶ್ ಆಟದ ‘ಕೆಓ’

ಬಾಕ್ಸಿಂಗ್‌ನ ನಾಕೌಟ್, ಚಿಕ್ಕದಾಗಿ ಕೆಓ, ಎಲ್ಲರಿಗೂ ಗೊತ್ತು. ಬಿದ್ದವನು ರೆಫರಿ ಹತ್ತು ಎಣಿಸುವುದರೊಳಗೆ ಏಳದಿದ್ದರೆ ಮುಗಿಯಿತು. ಸ್ಟ್ರೀಟ್ ಫೈಟರ್, ಟೆಕ್ಕೆನ್ ಥರದ ವಿಡಿಯೋ ಗೇಮ್‌ಗಳಲ್ಲೂ ಲೆಕ್ಕ ಸುಲಭ. ಮೇಲೆ ಕಾಣುವ ಲೈಫ್ ಪಟ್ಟಿ ಖಾಲಿಯಾದರೆ ಕೆಓ.

‘ಸೂಪರ್ ಸ್ಮ್ಯಾಶ್ ಬ್ರದರ್ಸ್’ ಮೊದಲ ಸಲ ಆಡುವವರು ಇಲ್ಲೇ ತಬ್ಬಿಬ್ಬಾಗುತ್ತಾರೆ. ಆ ಪಟ್ಟಿಯೇ ಇರುವುದಿಲ್ಲ. ಕೆಳಗೆ 0% ಅಂತ ಇರುತ್ತದೆ, ಏಟು ಬಿದ್ದ ಹಾಗೆಲ್ಲ ಏರುತ್ತಾ ಹೋಗುತ್ತದೆ. 100 ಮುಟ್ಟಿದರೆ ಕಥೆ ಮುಗಿಯಿತು ಅಂದುಕೊಂಡರೆ ಅದೂ ಸುಳ್ಳು. 999ರವರೆಗೂ ಏರಬಹುದು.

ಹಾಗಾದರೆ ಔಟ್ ಆಗುವುದು ಯಾವಾಗ? ಕಬಡ್ಡಿ ನೆನಪಿಸಿಕೊಳ್ಳಿ. ಅಂಕಣದ ಗೆರೆ ದಾಟಿದರೆ ಔಟ್, ಅಲ್ವಾ? ಇಲ್ಲೂ ಹಾಗೇ. ವೇದಿಕೆಯ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ, ನಾಲ್ಕೂ ಕಡೆ ಕಣ್ಣಿಗೆ ಕಾಣದ ಒಂದೊಂದು ಗೆರೆ ಇದೆ. ಆಟಗಾರರು ಅದನ್ನು ‘ಬ್ಲಾಸ್ಟ್ ಝೋನ್’ ಅನ್ನುತ್ತಾರೆ. ಅದನ್ನು ದಾಟಿದರೆ ಕೆಓ, ಒಂದು ಜೀವ ಹೋಯಿತು. ಈ ಜೀವಕ್ಕೆ ‘ಸ್ಟಾಕ್’ ಅಂತ ಹೆಸರು.

ಪರ್ಸೆಂಟ್ ಹೇಳುವುದು ಒಂದನ್ನೇ: ಮುಂದಿನ ಏಟಿಗೆ ನೀವು ಎಷ್ಟು ದೂರ ಹಾರುತ್ತೀರಿ. 10%ನಲ್ಲಿ ನಾಲ್ಕು ಹೆಜ್ಜೆ ಹಿಂದೆ ತಳ್ಳಿದ ಅದೇ ಏಟು 130%ನಲ್ಲಿ ನಿಮ್ಮನ್ನು ಪರದೆಯಾಚೆಗೆ ಎಸೆಯಬಹುದು. ತೂಕವೂ ಲೆಕ್ಕಕ್ಕೆ ಬರುತ್ತದೆ. ಆಟದ ಪಾತ್ರಗಳಲ್ಲಿ ಬೌಸರ್‌ನಂಥ ದಢೂತಿ ಬೇಗ ಅಲ್ಲಾಡುವುದಿಲ್ಲ. ಪಿಚು, ಜಿಗ್ಲಿಪಫ್ ಹತ್ತಿಯ ಹಾಗೆ ಹಾರಿಹೋಗುತ್ತವೆ.

ಆದರೆ ಹಾರಿದವರೆಲ್ಲ ಸಾಯುವುದಿಲ್ಲ, ಈ ಆಟದ ಮಜಾ ಇರುವುದೇ ಅಲ್ಲಿ. ಗೆರೆ ದಾಟುವ ಮೊದಲು ಗಾಳಿಯಲ್ಲೇ ಇನ್ನೊಂದು ಜಿಗಿತ ಹಾಕಿ, ಮೇಲಕ್ಕೇರಿಸುವ ವಿಶೇಷ ಪಟ್ಟು ಬಳಸಿ, ವೇದಿಕೆಯ ಅಂಚು ಹಿಡಿದು ನೇತಾಡಿ ವಾಪಸ್ ಬರಬಹುದು. ಇದಕ್ಕೆ ‘ರಿಕವರಿ’ ಅನ್ನುತ್ತಾರೆ. ಹಾಗೆ ಬರುವವರನ್ನು ಅಂಚಿನಲ್ಲೇ ಕಾದು ತಡೆಯುವುದು ‘ಎಡ್ಜ್‌ಗಾರ್ಡ್’. ಗಾಳಿಯಲ್ಲಿರುವವರನ್ನು ನೇರ ಕೆಳಕ್ಕೆ ಬಡಿದರೆ ಅದು ‘ಸ್ಪೈಕ್’. ಸರಿಯಾದ ಜಾಗದಲ್ಲಿ ಸ್ಪೈಕ್ ಬಿದ್ದರೆ 20% ಇದ್ದವರೂ ಪಾತಾಳಕ್ಕೆ. ಅತ್ತ 150% ದಾಟಿದವರು ಹೇಗೋ ಜೀವ ಉಳಿಸಿಕೊಂಡು ಗೆದ್ದದ್ದೂ ಉಂಟು. ಏಟು ತಿಂದ ಕ್ಷಣ ಕಂಟ್ರೋಲರ್‌ನ ಸ್ಟಿಕ್ ಯಾವ ಕಡೆ ಒತ್ತಿ ಹಿಡಿದಿದ್ದೀರಿ ಅನ್ನುವುದರ ಮೇಲೆ ಹಾರುವ ದಿಕ್ಕು ತುಸು ಬದಲಾಗುತ್ತದೆ. ಇದೇ ‘ಡಿಐ’, ಅಂದರೆ ಡೈರೆಕ್ಷನಲ್ ಇನ್‌ಫ್ಲುಯೆನ್ಸ್. ಪಳಗಿದ ಕೈಗಳು ಗೆರೆ ಹೆಚ್ಚು ದೂರವಿರುವ ಮೂಲೆಯ ಕಡೆಗೆ ತಿರುಗಿ ಬಚಾವಾಗುತ್ತವೆ.

ಈ ಲೆಕ್ಕವನ್ನು ಜನಪ್ರಿಯ ಮಾಡಿದ್ದು 1999ರಲ್ಲಿ ನಿಂಟೆಂಡೋ 64 ಗೇಮ್ ಕನ್ಸೋಲ್‌ಗೆ ಬಂದ ಮೊದಲ ಸ್ಮ್ಯಾಶ್. ರೂಪಿಸಿದವರು ಜಪಾನಿನ ಮಸಾಹಿರೊ ಸಕುರಾಯ್. ಈಗ ಬ್ರಾಲ್‌ಹಾಲಾದಂಥ ಬೇರೆ ಆಟಗಳೂ ಇದೇ ದಾರಿ ಹಿಡಿದಿವೆ. ಅದರಲ್ಲಿ ಪರ್ಸೆಂಟ್ ಬದಲು ಬಣ್ಣ, ಬಿಳಿಯಿಂದ ಹಳದಿ, ಆಮೇಲೆ ಕೆಂಪು.

ಇನ್ನೊಂದು ಪದ ಉಳಿಯಿತು: ‘ಎಸ್‌ಡಿ’, ಅಂದರೆ ಸೆಲ್ಫ್ ಡಿಸ್ಟ್ರಕ್ಟ್. ಯಾರೂ ಮುಟ್ಟದೆ ನಾವೇ ಅಂಚಿನಿಂದ ಹಾರಿ ಬೀಳುವುದು. ಸುಮ್ನೆ ಬಿದ್ದರೂ ಒಂದು ಸ್ಟಾಕ್ ಖರ್ಚು. ನನ್ನ ಮೊದಲ ವಾರದಲ್ಲಿ ಎದುರಾಳಿಗೆ ಹೆಚ್ಚೇನೂ ಕೆಲಸವೇ ಇರಲಿಲ್ಲ.