ಹತ್ತು ರೂಪಾಯಿಯ ಪೊಟ್ಟಣದಲ್ಲಿ ಅಸಲಿ ಚಾರಿಜಾರ್ಡ್ ಸಿಗುತ್ತದೆಯೇ?

ಪ್ರಶ್ನೆ: ನನ್ನ ಮಗ ಐದನೇ ತರಗತಿಯಲ್ಲಿದ್ದಾನೆ. ಶಾಲೆಯ ಎದುರಿನ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಸಿಗುವ ಪೊಕೆಮಾನ್ ಕಾರ್ಡ್‌ಗಳನ್ನು ಕೂಡಿಹಾಕಿ ಶೂ ಪೆಟ್ಟಿಗೆ ತುಂಬಿಸಿದ್ದಾನೆ. ಹುಟ್ಟುಹಬ್ಬಕ್ಕೆ ಅವನ ಮಾವ ಚಿನ್ನದ ಬಣ್ಣದ ಒಂದು ಸೆಟ್ ಕೊಡಿಸಿದರು. ಇವುಗಳಲ್ಲಿ ಒಂದೊಂದು ಲಕ್ಷಗಟ್ಟಲೆ ಬಾಳುತ್ತದೆ ಎಂದು ಮಗನ ವಾದ. ಇವು ಅಸಲಿಯೇ, ನಕಲಿಯೇ? ತಿಳಿಯುವುದು ಹೇಗೆ?

ಉತ್ತರ: ಅಸಲಿಯಾಗಿರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಬೆಲೆಯೇ ಅದನ್ನು ಹೇಳುತ್ತಿದೆ. ಹತ್ತು ಕಾರ್ಡ್‌ಗಳ ಒಂದು ಅಸಲಿ ಇಂಗ್ಲಿಷ್ ಬೂಸ್ಟರ್ ಪ್ಯಾಕ್‌ಗೆ, ಅಂದರೆ ಒಳಗೆ ಯಾವ ಕಾರ್ಡ್ ಇದೆಯೆಂದು ಒಡೆಯುವವರೆಗೆ ತಿಳಿಯದ ಪೊಟ್ಟಣಕ್ಕೆ, ಅಮೆರಿಕದಲ್ಲೇ 2023ರಿಂದ ನಾಲ್ಕೂವರೆ ಡಾಲರ್ ಆಸುಪಾಸಿನ ಬೆಲೆ ಇದೆ. ನಮ್ಮ ರೂಪಾಯಿಯಲ್ಲಿ ಅದು ಮುನ್ನೂರೈವತ್ತಕ್ಕೂ ಹೆಚ್ಚು. ಆ ವಸ್ತು ಹತ್ತು ರೂಪಾಯಿಗೆ ಇಳಿದು ಶಾಲೆಯ ಎದುರು ನೇತಾಡಲು ದಾರಿಯೇ ಇಲ್ಲ. ಹಾಗೆಂದು ಅಂಗಡಿಯವರ ಮೇಲೆ ರೇಗಬೇಡಿ. ಪೆನ್ಸಿಲ್, ರಬ್ಬರ್, ಸ್ಟಿಕ್ಕರ್‌ಗಳ ಜೊತೆ ಸಗಟು ವ್ಯಾಪಾರಿ ತಂದುಕೊಟ್ಟದ್ದನ್ನು ಅವರು ತೂಗುಹಾಕಿರುತ್ತಾರೆ. ಪೊಕೆಮಾನ್ ಎಂದರೇನೆಂದು ಅವರಿಗೆ ಗೊತ್ತಿರಬೇಕೆಂದೇನೂ ಇಲ್ಲ.

ಚಿನ್ನದ ಸೆಟ್ ಬಗ್ಗೆಯೂ ಇದೇ ಮಾತು. ಅಸಲಿ ಕಾರ್ಡ್‌ಗಳಲ್ಲಿಯೂ ಹೊಂಬಣ್ಣದವು ಇವೆ, ಆದರೆ ಅವು ರಟ್ಟಿನವು, ಪ್ಯಾಕ್ ಒಡೆದಾಗ ಅಪರೂಪಕ್ಕೆ ಸಿಗುವಂಥವು. ಡಬ್ಬಿಯ ತುಂಬ ಥಳಥಳಿಸುವ ಪ್ಲಾಸ್ಟಿಕ್ ಕಾರ್ಡ್‌ಗಳನ್ನು ಕಂಪನಿ ಮಾರುವುದಿಲ್ಲ. ಮಾವನವರಿಗೆ ಇದನ್ನು ಹೇಳಬೇಕೋ ಬೇಡವೋ ಎಂಬುದು ನಿಮ್ಮ ಮನೆಯ ವಿಚಾರ.

ಗುರುತಿಸುವ ಬಗೆ ಕೇಳಿದ್ದೀರಿ. ಬೆಳಕಿಗೆ ಹಿಡಿಯಿರಿ, ಹರಿದು ನೋಡಿ ಎಂದೆಲ್ಲ ಹೇಳುವವರು ಬಹಳ ಮಂದಿ. ಆ ಪರೀಕ್ಷೆಗಳೂ ಇವೆ, ಮುಂದೆ ಹೇಳುತ್ತೇನೆ. ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ಪರೀಕ್ಷೆ ಕಾರ್ಡನ್ನು ಓದುವುದು. ಇದು ಬರೀ ಚಿತ್ರವಲ್ಲ, ಆಟದ ಕಾಯಿ. ಅದರ ಮೇಲಿನ ಪ್ರತಿಯೊಂದು ಅಂಕಿಗೂ ಆಟದಲ್ಲಿ ಕೆಲಸವಿದೆ. ನಕಲಿ ಮಾಡುವವನು ಚಿತ್ರವನ್ನು ಚೆನ್ನಾಗಿಯೇ ಕದಿಯುತ್ತಾನೆ. ಅಂಕಿಗಳ ಹತ್ತಿರ ಬಂದಾಗ ಎಡವುತ್ತಾನೆ.

ಮಕ್ಕಳೆಲ್ಲ ಕನಸು ಕಾಣುವ, ಬೆಂಕಿಯುಗುಳುವ ಪೊಕೆಮಾನ್ ಚಾರಿಜಾರ್ಡನ್ನೇ ತೆಗೆದುಕೊಳ್ಳಿ. ಈ ಆಟ ಜಪಾನಿನಲ್ಲಿ ಶುರುವಾದದ್ದು 1996ರಲ್ಲಿ. 1999ರಲ್ಲಿ ಇಂಗ್ಲಿಷ್‌ನಲ್ಲಿ ಬಂದ ಮೊದಲ ಸೆಟ್‌ನಲ್ಲಿದ್ದದ್ದು 102 ಕಾರ್ಡ್. ಅದರಲ್ಲಿ ಚಾರಿಜಾರ್ಡ್ ನಾಲ್ಕನೆಯದು, ಹಾಗಾಗಿ ಕೆಳಗಿನ ಮೂಲೆಯಲ್ಲಿ 4/102 ಎಂದಿರುತ್ತದೆ. ಬಲಮೇಲೆ 120 ಎಚ್‌ಪಿ, ಅಂದರೆ ಅಷ್ಟು ಪೆಟ್ಟು ತಾಳುವ ಕಸುವು. ‘ಫೈರ್ ಸ್ಪಿನ್’ ಎಂಬ ದಾಳಿಗೆ ನಾಲ್ಕು ಬೆಂಕಿಯ ಎನರ್ಜಿ ಬೇಕು, ಅಂದರೆ ದಾಳಿಗೆ ಇಂಧನವಾಗುವ ಬೇರೆ ಕಾರ್ಡ್‌ಗಳು. ಎದುರಾಳಿಗೆ 100 ಪೆಟ್ಟು ಬೀಳುತ್ತದೆ, ಹಾಗೆ ಹೊಡೆಯಲು ತನಗೆ ಅಂಟಿಸಿಕೊಂಡ ಎರಡು ಎನರ್ಜಿ ಕಾರ್ಡ್‌ಗಳನ್ನು ಅದು ಬಿಟ್ಟುಕೊಡಬೇಕು. ಕೆಳಗೆ, ನೀರಿನ ಬಗೆಯ ಪೊಕೆಮಾನ್ ಎದುರು ದುರ್ಬಲ ಎಂಬ ಗುರುತು. ಚಿತ್ರ ಬರೆದ ಮಿತ್ಸುಹಿರೊ ಅರಿತಾ ಅವರ ಹೆಸರು ಪುಟ್ಟ ಅಕ್ಷರಗಳಲ್ಲಿ. ಇಷ್ಟೂ ಒಂದಕ್ಕೊಂದು ಹೊಂದಿಕೊಂಡಿವೆ.

ಈಗ ಶೂ ಪೆಟ್ಟಿಗೆಯಿಂದ ಒಂದು ಚಾರಿಜಾರ್ಡ್ ಹೊರತೆಗೆಯಿರಿ. ಎಚ್‌ಪಿ ಸಾವಿರ ದಾಟಿದೆಯೇ? ಅಸಲಿಯಲ್ಲಿ ಅದು ಯಾವಾಗಲೂ ಹತ್ತರ ಗುಣಕ; ಇತ್ತೀಚಿನ ಭಾರೀ ಕಾರ್ಡ್‌ಗಳಲ್ಲಿಯೂ ಮುನ್ನೂರು ಚಿಲ್ಲರೆ. ಬೆಂಕಿಯ ಪ್ರಾಣಿಯ ದಾಳಿಗೆ ನೀರಿನ ಎನರ್ಜಿ ಕೇಳುತ್ತಿದೆಯೇ? ದಾಳಿಯ ವಿವರಣೆಯ ಇಂಗ್ಲಿಷ್ ತಲೆಬುಡವಿಲ್ಲದಂತಿದೆಯೇ?  ಇವುಗಳಲ್ಲಿ ಒಂದಕ್ಕೆ ಹೌದು ಎಂದಾದರೂ ಸಾಕು. ಸಂದೇಹ ಉಳಿದರೆ ಮೂಲೆಯ ಸಂಖ್ಯೆಯನ್ನು ಪೊಕೆಮಾನ್‌ನ ಅಧಿಕೃತ ಜಾಲತಾಣದ ಕಾರ್ಡ್ ಪಟ್ಟಿಯಲ್ಲಿ ಹುಡುಕಿ ಹೋಲಿಸಿ. ಒಂದು ಎಚ್ಚರಿಕೆ: 199/165 ಎಂಬಂತೆ ಮೊದಲ ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ನಕಲಿ ಎನ್ನಬೇಡಿ. ಪಟ್ಟಿಯ ಹೊರಗಿನ ವಿಶೇಷ ಕಾರ್ಡ್‌ಗಳಿಗೆ ಹಾಗೆಯೇ ಸಂಖ್ಯೆ ಕೊಡುತ್ತಾರೆ. 2023ರ ‘151’ ಸೆಟ್‌ನಲ್ಲಿ ನಾನು ಹೇಳಿದ ಆ ಸಂಖ್ಯೆಯ ಕಾರ್ಡ್ ನಿಜಕ್ಕೂ ಇದೆ, ಅದೂ ಚಾರಿಜಾರ್ಡೇ.

ನಕಲಿಗಳಲ್ಲಿ ಎಚ್‌ಪಿ ಯಾಕೆ ಇಷ್ಟು ಉಬ್ಬಿರುತ್ತದೆ? ನನ್ನ ಊಹೆ ಹೀಗಿದೆ. ನಮ್ಮ ಕಡೆ ಮಕ್ಕಳು ಈ ಕಾರ್ಡ್‌ಗಳನ್ನು ಆಡುವುದು ಹಳೆಯ ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡ್ ಪದ್ಧತಿಯಲ್ಲಿ: ಇಬ್ಬರೂ ಒಂದೊಂದು ಇಳಿಸುತ್ತಾರೆ, ದೊಡ್ಡ ಅಂಕಿ ಇದ್ದವನು ಎರಡನ್ನೂ ಬಾಚಿಕೊಳ್ಳುತ್ತಾನೆ. ಅಂಥ ಆಟಕ್ಕೆ 120 ಯಾರಿಗೆ ಬೇಕು? ಗಿರಾಕಿಗೆ ಬೇಕಾದ್ದನ್ನು ನಕಲಿ ಅಚ್ಚಿನವನು ಚೆನ್ನಾಗಿ ಅರಿತಿದ್ದಾನೆ.

ಅಸಲಿ ಆಟ ಬೇರೆಯೇ. ಒಬ್ಬೊಬ್ಬರ ಕೈಯಲ್ಲೂ ಸರಿಯಾಗಿ 60 ಕಾರ್ಡ್‌ಗಳ ಡೆಕ್ ಇರಬೇಕು. ಮೂಲ ಎನರ್ಜಿ ಬಿಟ್ಟರೆ ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಕಲೆಸಿ ಏಳು ಕಾರ್ಡ್ ಕೈಗೆತ್ತಿಕೊಂಡು, ಆರನ್ನು ಬಹುಮಾನವೆಂದು ಮಗುಚಿ ಪಕ್ಕಕ್ಕಿಡುತ್ತಾರೆ. ಎದುರಾಳಿಯ ಪೊಕೆಮಾನನ್ನು ಕೆಡವಿದಾಗ ತನ್ನ ಬಹುಮಾನದ ಕಾರ್ಡ್ ಕೈಗೆ ಬರುತ್ತದೆ. ಆರೂ ಮುಗಿಸಿದವನು ಗೆದ್ದ. ಮಜಾ ಇರುವುದು ಒಂದು ಸಣ್ಣ ನಿಯಮದಲ್ಲಿ: ಸರದಿಗೆ ಒಂದೇ ಎನರ್ಜಿ ಅಂಟಿಸಬಹುದು. ಚಾರಿಜಾರ್ಡ್‌ನ ಮರಿರೂಪವಾದ ಚಾರ್‌ಮ್ಯಾಂಡರ್ ಇಳಿಸಿ, ಅದರ ಮೇಲೆ ನಡುಹಂತದ ಚಾರ್‌ಮೀಲಿಯನ್, ಅದರ ಮೇಲೆ ಚಾರಿಜಾರ್ಡ್ ಕೂರಿಸಿ, ನಾಲ್ಕು ಎನರ್ಜಿ ಒಟ್ಟುಮಾಡುವಷ್ಟರಲ್ಲಿ, ಬೇರೆ ಕಾರ್ಡ್‌ಗಳ ನೆರವಿಲ್ಲದಿದ್ದರೆ, ನಾಲ್ಕು ಸರದಿ ಕಳೆದಿರುತ್ತದೆ. ಅಷ್ಟರೊಳಗೆ ಎದುರಿನವನ 40 ಎಚ್‌ಪಿಯ ಬಡಪಾಯಿ ಪಿಕಾಚು ಚಾರ್‌ಮ್ಯಾಂಡರನ್ನೇ ಮುಗಿಸಿರಬಹುದು. ಇದನ್ನು ಒಂದೆರಡು ವಾರ ಆಡಿದ ಹುಡುಗನ ಮುಂದೆ ಐದು ಸಾವಿರ ಎಚ್‌ಪಿಯ ಕಾರ್ಡ್ ಹಿಡಿದರೆ ಅವನೇ ನಗುತ್ತಾನೆ. ಅವನಿಗೆ ಬೆಳಕೂ ಬೇಡ, ಭೂತಗನ್ನಡಿಯೂ ಬೇಡ.

ನಿಮಗೆ ಬೇಕೆಂದಾದರೆ ಆ ಪರೀಕ್ಷೆಗಳು ಇಲ್ಲಿವೆ. ಅಸಲಿ ಕಾರ್ಡ್‌ನ ಅಳತೆ 63×88 ಮಿಲಿಮೀಟರ್. ನಕಲಿಗಳು ಸ್ವಲ್ಪ ಆಚೀಚೆ ಇರುತ್ತವೆ, ಮುಟ್ಟಿದರೆ ತೆಳು ಅಥವಾ ಮೇಣ ಸವರಿದಂತೆ ಜಾರು. ಹಿಂಬದಿಯ ನೀಲಿ ಮಾಸಿರುತ್ತದೆ ಇಲ್ಲವೇ ನೇರಳೆಗೆ ತಿರುಗಿರುತ್ತದೆ. ಪೊಕೆಮಾನ್ ಎಂಬ ಇಂಗ್ಲಿಷ್ ಹೆಸರಿನ ‘ಇ’ ಅಕ್ಷರದ ತಲೆಯ ಮೇಲೆ ಓರೆಗೀಟು ಇರಬೇಕು. ಅದು ಕಾಣೆಯಾಗಿದ್ದರೆ ಕಥೆ ಮುಗಿಯಿತು. ಅಸಲಿ ರಟ್ಟಿನ ಪದರಗಳ ನಡುವೆ ಕಪ್ಪು ಪದರವೊಂದು ಇರುವುದರಿಂದ ಮೊಬೈಲ್ ಟಾರ್ಚ್‌ನ ಬೆಳಕು ಅಷ್ಟಾಗಿ ಹಾಯುವುದಿಲ್ಲ. ಹರಿದರೆ ಅಂಚಿನಲ್ಲಿ ಆ ಕಪ್ಪು ಗೆರೆ ಕಾಣುತ್ತದೆ, ಆದರೆ ಅಸಲಿಯೆಂದು ಸಾಬೀತಾದ ಕಾರ್ಡ್ ಆಗ ಎರಡು ತುಂಡಾಗಿರುತ್ತದೆ. ಕೆಲಸಕ್ಕೆ ಬಾರದ ಒಂದನ್ನು ಮಾತ್ರ ಹರಿಯಿರಿ.

ಇನ್ನು ಲಕ್ಷಗಟ್ಟಲೆಯ ವಿಚಾರ. ಮಗ ಪೂರ್ತಿ ಸುಳ್ಳು ಹೇಳುತ್ತಿಲ್ಲ. 1990ರ ದಶಕದ ಕೊನೆಯಲ್ಲಿ ಜಪಾನಿನ ಕೊರೊಕೊರೊ ಮಕ್ಕಳ ಪತ್ರಿಕೆಯ ಚಿತ್ರ ಸ್ಪರ್ಧೆಗಳಲ್ಲಿ ಗೆದ್ದವರಿಗೆ ಕೊಟ್ಟ ‘ಪಿಕಾಚು ಇಲಸ್ಟ್ರೇಟರ್’ ಕಾರ್ಡ್ ಒಂದನ್ನು ಅಮೆರಿಕದ ಯೂಟ್ಯೂಬರ್ ಲೋಗನ್ ಪಾಲ್ 2021ರಲ್ಲಿ ಕೊಂಡದ್ದು 52 ಲಕ್ಷ 75 ಸಾವಿರ ಡಾಲರಿಗೆ. ಆಗಿನ ಲೆಕ್ಕದಲ್ಲಿ ಸುಮಾರು 39 ಕೋಟಿ ರೂಪಾಯಿ. ಆದರೆ ಅಂಥವನ್ನು ಹಂಚಿದ್ದೇ ನಲವತ್ತರ ಆಸುಪಾಸು. ಅದಲ್ಲದೆ ಈ ಕಾರ್ಡ್‌ಗೆ ಪಿಎಸ್‌ಎ ಎಂಬ ಸಂಸ್ಥೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿತ್ತು. ಚಿತ್ರ ನಟ್ಟನಡುವೆ ಕೂತಿದೆಯೇ, ಮೂಲೆ ಮೊನಚಾಗಿವೆಯೇ, ಮೈಮೇಲೆ ಗೀರಿದೆಯೇ ಎಂದು ನೋಡಿ ಅಂಕ ಹಾಕುವುದೇ ಇಂಥ ಸಂಸ್ಥೆಗಳ ಕಸುಬು. 1999ರ ಅಸಲಿ ಚಾರಿಜಾರ್ಡೇ ಆದರೂ ಮಡಿಕೆ ಬಿದ್ದು ಮೂಲೆ ಸವೆದಿದ್ದರೆ ಸುದ್ದಿಯಲ್ಲಿ ಬರುವ ಬೆಲೆಗೂ ಅದಕ್ಕೂ ಸಂಬಂಧವಿಲ್ಲ. ಇಂದಿನ ಪ್ಯಾಕ್‌ನಲ್ಲಿ ಬರುವ ಬಹುಪಾಲು ಕಾರ್ಡ್‌ಗಳಂತೂ ಕೊಟ್ಟ ಹಣಕ್ಕಿಂತ ಕಡಿಮೆಯವು. ಹಣ ಮಾಡಲು ಪ್ಯಾಕ್ ಒಡೆಯುವುದು ಲಾಟರಿಯೇ. ಒಡೆಯುವ ಖುಷಿಗೆಂದು ತಿಂಗಳಿಗೊಂದು ಕೊಡಿಸಿದರೆ ನನ್ನ ತಕರಾರಿಲ್ಲ.

ಖರ್ಚು ಮಾಡುವುದೇ ಆದರೆ ಹತ್ತಾರು ಪ್ಯಾಕ್‌ಗಳ ಬದಲು ಆಡಲು ಸಿದ್ಧವಾಗಿ ಬರುವ 60 ಕಾರ್ಡ್‌ಗಳ ಒಂದು ಬ್ಯಾಟಲ್ ಡೆಕ್ ಕೊಡಿಸಿ. ಮನೆಯಲ್ಲಿ ಜೊತೆಗಾರರಿದ್ದರೆ ‘ಬ್ಯಾಟಲ್ ಅಕಾಡೆಮಿ’ ಪೆಟ್ಟಿಗೆ ಇನ್ನೂ ಮೇಲು. ಅದರಲ್ಲಿ ಮೂರು ಡೆಕ್ ಮತ್ತು ಆಟದ ಹಾಸು ಇರುತ್ತವೆ, ಹಂತಹಂತವಾಗಿ ಕಲಿಸುವ ಕೈಪಿಡಿಯೂ ಉಂಟು. ಮೊದಲು ಆಸಕ್ತಿ ಉಳಿಯುತ್ತದೆಯೇ ಎಂದು ನೋಡಬೇಕೆಂದರೆ ‘ಪೊಕೆಮಾನ್ ಟಿಸಿಜಿ ಲೈವ್’ ಆ್ಯಪ್ ಉಚಿತ, ನಿಯಮಗಳು ಇವೇ. ‘ಪಾಕೆಟ್’ ಎಂಬ ಇನ್ನೊಂದು ಆ್ಯಪ್‌ನಲ್ಲಿ 20 ಕಾರ್ಡ್‌ಗಳ ಗಿಡ್ಡ ಆಟವಿದೆ. ಅದನ್ನು ಕಲಿತು ಇಲ್ಲಿಗೆ ಬಂದರೆ ಗೊಂದಲವಾಗುತ್ತದೆ.

ಅಸಲಿ ಕಾರ್ಡ್ ಬಂದ ಮೇಲೆ ಶೂ ಪೆಟ್ಟಿಗೆ, ರಬ್ಬರ್ ಬ್ಯಾಂಡ್ ಎರಡೂ ಬೇಡ. ರಬ್ಬರ್ ಬ್ಯಾಂಡ್ ಅಂಚನ್ನು ಕಚ್ಚುತ್ತದೆ. ಪಾರದರ್ಶಕ ತೋಳು, ಅಂದರೆ ಸ್ಲೀವ್, ತೊಡಿಸಿ ಬೈಂಡರ್‌ನಲ್ಲಿಡಿ. ಕರಾವಳಿಯವರಿಗೂ ಮಲೆನಾಡಿನವರಿಗೂ ಇನ್ನೊಂದು ಕಾಟವಿದೆ. ಮಳೆಗಾಲದಲ್ಲಿ ರಟ್ಟು ತೇವ ಹೀರಿ ಹಿಗ್ಗುತ್ತದೆ, ಮುಂಬದಿಯ ಹೊಳಪಿನ ಹಾಳೆ ಹಿಗ್ಗುವುದಿಲ್ಲ. ಹಾಗಾಗಿ ಹೊಳೆಯುವ ಕಾರ್ಡ್‌ಗಳೇ ಚಿತ್ರದ ಕಡೆಗೆ ಬಾಗಿಕೊಳ್ಳುತ್ತವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಇಸ್ತ್ರಿ ಪೆಟ್ಟಿಗೆ ಇಟ್ಟು ನೆಟ್ಟಗೆ ಮಾಡಲು ಹೋಗಬೇಡಿ.

ಈಗಿರುವ ನಕಲಿಗಳನ್ನು ಬಿಸಾಡಬೇಕಿಲ್ಲ. ಟ್ರಂಪ್ ಆಟಕ್ಕೆ ಅವು ಧಾರಾಳವಾಗಿ ಸಾಕು. ಗೆಳೆಯರೊಡನೆ ಅದಲುಬದಲು ಮಾಡುವ ಕಟ್ಟಿನಿಂದ ಮಾತ್ರ ಅವನ್ನು ಬೇರೆಯಾಗಿಡಲು ಹೇಳಿ. ಅಸಲಿ ಇದ್ದ ಹುಡುಗನಿಗೆ ನಕಲಿ ಹೋಯಿತೆಂದರೆ ಅವನ ಅಮ್ಮ ನಿಮಗೆ ಫೋನ್ ಮಾಡುತ್ತಾರೆ.