ಮೀಸಿ ಸಣ್ಣದಾತು, ಮಾಸ್ತರೇ!

ಬಳ್ಳಾರಿ ಕಡೆ ಜಾತ್ರೆ ನಾಟಕದ ಬಣ್ಣದ ಕೋಣೆಯಲ್ಲಿ ರಾತ್ರಿ ಹತ್ತರ ಸುಮಾರಿಗೆ ಏಳುವ ಕೂಗು ಒಂದೇ: “ಮೀಸಿ ಸಣ್ಣದಾತು ಮಾಸ್ತರೇ, ಬಣ್ಣಾನೂ ಇನ್ನೊಂದು ಕೋಟ್ ಬಳೀರಿ.” ಕೂಗಿದವನು ಕೌರವನ ಪಾರ್ಟಿನವನು, ಮಾಸ್ತರೆಂದರೆ ಬಣ್ಣ ಹಚ್ಚುವ ನಾವು. ಮೀಸೆ ಆಗಲೇ ಕಿವಿ ಮುಟ್ಟಿರುತ್ತದೆ. ಮೂರನೇ ಸೀನಿನ ಉದ್ದನೆಯ ಮಾತು ಇನ್ನೂ ಬಾಯಿಗೆ ಕೂತಿಲ್ಲ. ಆ ಅಳುಕು ಬಂದು ಮೀಸೆಗೆ ಅಂಟಿಕೊಂಡಿದೆ, ಅಷ್ಟೇ. ಹೊಲ, ಅಂಗಡಿ ಬಿಟ್ಟು, ಕೈಯಿಂದ ದುಡ್ಡು ಹಾಕಿ ಪಾರ್ಟು ಹಿಡಿದವರು. ಎದುರಿಗೆ ಇಡೀ ಊರು, ಮುಂದಿನ ಸಾಲಿನಲ್ಲಿ ಬೀಗರು. ಅಳುಕದೆ ಏನು ಮಾಡ್ಯಾರು?

ಆದರೆ ಬೇಸಿಗೆಯ ಸೆಕೆಯಲ್ಲಿ ದಪ್ಪ ಬಳಿದರೆ ಬೆವರು ಬಣ್ಣದ ಕೆಳಗೇ ನಿಲ್ಲುತ್ತದೆ. ಮೊದಲು ಮೂಗಿನ ಪಕ್ಕ, ಆಮೇಲೆ ಹಣೆಗೆರೆಯಲ್ಲಿ ಬಿರುಕು. ಕೆನ್ನೆ ಆಡುವುದಿಲ್ಲ, ಸಿಟ್ಟಿಗೂ ನಗುವಿಗೂ ಒಂದೇ ಮುಖ. ಒದ್ದೆ ಸ್ಪಂಜಿನಲ್ಲಿ ತೆಳ್ಳಗೆ ಒತ್ತಿ, ಪೌಡರ್ ಕೂರಿಸಿ, ಹುಬ್ಬು ಮತ್ತು ಕಣ್ಣಂಚು ಮಾತ್ರ ದಪ್ಪ ತೀಡಿದರೆ ಹಿಂದಿನ ಸಾಲಿಗೂ ಕಾಣುತ್ತದೆ. ಹಳೇ ಮಿಂಚು ಬೇಕೆಂದು ಹಳದಿ ಬಣ್ಣದ ಅರ್ದಾಳ, ಕೆಂಪು ಬಣ್ಣದ ಇಂಗಳೀಕ ತಂದರೆ ಹಚ್ಚಬೇಡಿ. ಒಂದರಲ್ಲಿ ಆರ್ಸೆನಿಕ್, ಇನ್ನೊಂದರಲ್ಲಿ ಪಾದರಸ.

ಮೀಸೆಯದು ಬೇರೆಯೇ ಫಜೀತಿ. ಮೇಲ್ತುಟಿಗೆ ಎಣ್ಣೆ, ಮುಖಕ್ಕೆ ಬಳಿಯುವ ಪ್ಯಾನ್‌ಕೇಕ್ ಬಣ್ಣ ತಾಗಿರಬಾರದು. ಒರೆಸಿ ಒಣಗಿಸಿ, ಮೀಸೆ ಅಂಟಿಸುವ ಸ್ಪಿರಿಟ್ ಗಮ್ ಹಚ್ಚಿ, ಅದು ಬೆರಳಿಗೆ ಅಂಟುವಷ್ಟು ಆರಿದ ಮೇಲೆ ಒದ್ದೆ ಬಟ್ಟೆಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಎಡ ಬಲ ಎರಡು ತುಂಡು ಮಾಡಿದರೆ ತುಟಿ ಸಲೀಸಾಗಿ ಆಡುತ್ತದೆ. ಒಂದೇ ತುಂಡಿನ ಭಾರಿ ಮೀಸೆ ಮೂಗಿನ ಕೆಳಗಿನ ಕುಳಿಯಲ್ಲಿ ಗಾಳಿ ಹಿಡಿದು ಅಲ್ಲಿಂದಲೇ ಬಿಡುತ್ತದೆ. “ಎಲವೋ ಭೀಮಾ” ಎಂದು ಗುಡುಗಿದಾಗ ಒಂದು ತುದಿ ಎದ್ದಿತೋ, ಮುಂದೆ ಕೌರವನ ಬಲಗೈ ಗದೆ ಬಿಟ್ಟು ಮೀಸೆ ಕಾಯುತ್ತದೆ. ಬಾಯಿಗೆ ಬಂದಿದ್ದ ಮಾತೂ ಅಲ್ಲಿಗೆ ಹೋಯಿತು. ಕಿರೀಟವನ್ನೂ ಹೀಗೇ ಹೆದರಿ ಬಿಗಿಸಿಕೊಳ್ಳುತ್ತಾರೆ, ತಾಸಿನೊಳಗೆ ತಲೆಶೂಲೆ. ಒಳಗೆ ಹತ್ತಿಬಟ್ಟೆ ಸುತ್ತಿ, ದಾರದ ಕೆಳಗೆ ಒಂದು ಬೆರಳು ಆಡುವಷ್ಟು ಜಾಗ ಬಿಡಿ.

ಮೀಸೆ ಸಣ್ಣದೆಂದು ಕೂಗುವವನ ಜೊತೆ ವಾದ ಮಾಡಬೇಡಿ. ಅರ್ಧ ತಾಸು ಮೊದಲೇ ಬಣ್ಣ ಮುಗಿಸಿ, ಕನ್ನಡಿ ಕಸಿದುಕೊಂಡು, ಮೀಸೆ ಕಿರೀಟ ಸಮೇತ ಹಾರ್ಮೋನಿಯಂ ಮಾಸ್ತರರ ಮುಂದೆ ನಾಲ್ಕು ಸಾಲು ಹೇಳಿಸಿ. ಸರಾಗ ಬಂತೆಂದರೆ ಸಾಮಾನ್ಯವಾಗಿ ಮೀಸೆಯ ಸುದ್ದಿ ಎತ್ತುವುದಿಲ್ಲ.

ಎಲ್ಲ ಠೀವಿಯೂ ಅಳುಕೇ ಎನ್ನಲಾರೆ. ರಂಗನಟ ಬಳ್ಳಾರಿ ರಾಘವರು (1880–1946) ಸಹಜ ಅಭಿನಯಕ್ಕೆ ಹೆಸರಾದವರು, ನಿಜ; ಆದರೂ ಭುಜಕೀರ್ತಿ ಇಲ್ಲದ ಕೌರವನನ್ನು ನಮ್ಮ ಊರುಗಳು ಒಪ್ಪುವುದಿಲ್ಲ. ಧೈರ್ಯಕ್ಕೆಂದು ಕುಡಿದು ಬಂದವನಿಗೆ ಮಾತ್ರ ಬಣ್ಣ ಹಚ್ಚಬೇಡಿ. ನಾಟಕ ಮುಗಿದ ಮೇಲೂ ವಾರಗಟ್ಟಲೆ ನಿದ್ದೆ ಇಲ್ಲ, ನಡುಕ ಇದೆ ಎಂದರೆ ಅದು ನಮ್ಮ ಕೆಲಸ ಮೀರಿತು: ಡಾಕ್ಟರು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416.

ಬೆಳಗಿನ ಜಾವ ಮೀಸೆ ಕೀಳಬೇಡಿ. ಅಂಚಿಗೆ ಕೊಬ್ಬರಿ ಎಣ್ಣೆ ಬಿಟ್ಟು ಎರಡು ನಿಮಿಷ ಕಾಯಿರಿ. ಆ ಎರಡು ನಿಮಿಷದಲ್ಲಿ ಅವನು ಕೇಳಿಯೇ ಕೇಳುತ್ತಾನೆ, “ಹೆಂಗಿತ್ರಿ ಪಾರ್ಟು?” ಮೊದಲು ಅದಕ್ಕೆ ಉತ್ತರ ಕೊಡಿ, ಮೀಸೆ ಆಮೇಲೆ.