ಜೀಪಿನ ಹುಡ್: ಬಟ್ಟೆಗಿಂತ ಮೊದಲು ಹೊಲಿಗೆ ನೋಡಿ

ಮೇ ತಿಂಗಳು ಮುಗಿಯುತ್ತಾ ಬಂದಂತೆ ನಮ್ಮ ಕುಷನ್ ಅಂಗಡಿಗೆ ಬರುವ ಜೀಪು ಮತ್ತು ಥಾರ್ ಮಾಲೀಕರಲ್ಲಿ ಹೆಚ್ಚಿನವರು ಹುಡ್ (ಗಾಡಿಯ ಮೇಲಿನ ಬಟ್ಟೆಯ ಹೊದಿಕೆ) ಸೋರುತ್ತಿದೆ, ಬಟ್ಟೆ ಹೋಗಿದೆ, ಹೊಸದು ಹಾಕಿಕೊಡಿ ಎಂದೇ ಕೇಳುತ್ತಾರೆ. ಆದರೆ ಹೊರಗಿನಿಂದ ನೀರು ಬಿಟ್ಟು ಒಳಗೆ ಕುಳಿತು ನೋಡಿದರೆ ಬಟ್ಟೆ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ನೀರು ಇಳಿಯುವುದು ಬಹುಪಾಲು ಹೊಲಿಗೆಯ ಸಾಲಿನಿಂದ.

ಇದಕ್ಕೆ ಕಾರಣ ಹುಡ್ಡಿನ ರಚನೆಯಲ್ಲೇ ಇದೆ. ನಾವು ರೆಕ್ಸಿನ್ ಎನ್ನುವ ಬಟ್ಟೆಯ ಮೇಲೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಲೇಪನವಿರುತ್ತದೆ. ದುಬಾರಿ ಕನ್ವರ್ಟಿಬಲ್ ಕಾರುಗಳ ಬಟ್ಟೆಯ ಹುಡ್ಡಿನಲ್ಲಿ ಸಾಮಾನ್ಯವಾಗಿ ಮೇಲೆ ಅಕ್ರಿಲಿಕ್ ನೇಯ್ಗೆ, ನಡುವೆ ರಬ್ಬರ್, ಒಳಗೆ ಪಾಲಿಯೆಸ್ಟರ್ ಅಥವಾ ಹತ್ತಿ ಹೀಗೆ ಮೂರು ಪದರಗಳಿರುತ್ತವೆ. ಎರಡರಲ್ಲೂ ನೀರನ್ನು ತಡೆಯುವ ಆ ಪದರವನ್ನು ಸೂಜಿ ಸಾಲಾಗಿ ತೂತು ಮಾಡಿರುತ್ತದೆ. ಹಳೆಯ ಕ್ಯಾನ್ವಾಸ್ ಹುಡ್‌ಗಳ ಹತ್ತಿ ದಾರವು ನೆನೆದಾಗ ಉಬ್ಬಿ ತನ್ನ ತೂತನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು, ಆದರೆ ಬೇಗ ಕೊಳೆಯುತ್ತಿತ್ತು. ಇಂದಿನ ಪಾಲಿಯೆಸ್ಟರ್ ದಾರ ಕೊಳೆಯುವುದಿಲ್ಲ, ಉಬ್ಬುವುದೂ ಇಲ್ಲ; ಆದ್ದರಿಂದ ಹೊಲಿಗೆಯ ಒಳಭಾಗಕ್ಕೆ ಸೀಲರ್ (ತೂತು ಮುಚ್ಚುವ ಲೇಪ) ಹಚ್ಚದೆ ಬಿಟ್ಟ ಹುಡ್, ಹೊಸದಾಗಿದ್ದರೂ, ಆಷಾಢದ ಮಳೆಗೆ ಒಸರಬಹುದು.

ದಾರವನ್ನು ಸವೆಸುವುದು ಮುಖ್ಯವಾಗಿ ಬಿಸಿಲು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕಣದ ಪಕ್ಕ ದಿನವಿಡೀ ಬಿಸಿಲಿಗೆ ನಿಂತ ಜೀಪಿನ ಹುಡ್ ಮೇಲಿನ ಹೊಲಿಗೆಯನ್ನು ಉಗುರಿನಿಂದ ಗೀರಿ ನೋಡಿ: ದಾರ ಪುಡಿಯಾಗಿ ಉದುರಿದರೆ ಅಥವಾ ಎಳೆ ಎದ್ದುಬಂದರೆ ಮಳೆಗೆ ಮುನ್ನವೇ ಮರುಹೊಲಿಗೆ ಆಗಬೇಕು. ನೈಲಾನ್ ದಾರ ಎಳೆಯಲು ಗಟ್ಟಿ ಎನಿಸಿದರೂ ಬಿಸಿಲಿಗೆ ಪಾಲಿಯೆಸ್ಟರ್‌ನಷ್ಟು ಬಾಳುವುದಿಲ್ಲ, ಹಾಗಾಗಿ ಅದನ್ನು ನಾನು ಬಳಸುವುದಿಲ್ಲ.

ಮಳೆಗಾಲದ ಕಾಟ ಬೇರೆಯದು. ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಮಡಿಕೇರಿಯ ಕಡೆ, ಅದರಲ್ಲೂ ಸಿಲ್ವರ್ ಓಕ್ ಮರದಡಿ ನಿಲ್ಲುವ ಗಾಡಿಗಳಲ್ಲಿ, ಎಲೆಯ ಕಸ ಹೊಲಿಗೆಯ ಮಡಿಕೆಯಲ್ಲಿ ಸೇರಿಕೊಂಡು ತೇವ ಹಿಡಿದಿಟ್ಟು ಪಾಚಿ ಬೆಳೆಸುತ್ತದೆ. ಇದನ್ನು ಪ್ರೆಶರ್ ವಾಷರ್‌ನಿಂದ ಎಬ್ಬಿಸಲು ಹೋದರೆ ಲೇಪನ ಕಿತ್ತು, ನೀರು ಹೊಲಿಗೆಯೊಳಗೆ ನುಗ್ಗುತ್ತದೆ. ಬ್ಲೀಚಿಂಗ್ ನೀರು ದಾರವನ್ನೇ ತಿನ್ನಬಹುದು. ಒಣಗಿದಾಗ ಮೃದು ಬ್ರಷ್‌ನಿಂದ ಕಸ ತೆಗೆದು, ನೆರಳಿನಲ್ಲಿ ಕಾರ್ ಶಾಂಪೂ ಬೆರೆಸಿದ ನೀರಿನಿಂದ ಹೊಲಿಗೆಯ ಉದ್ದಕ್ಕೇ ಉಜ್ಜಿ, ನೊರೆ ಪೂರ್ತಿ ಹೋಗುವವರೆಗೆ ತೊಳೆಯುವುದು ಸಾಕು. ಸೋಪು ಉಳಿದ ಬಟ್ಟೆಗೆ, ಒಣಗಿದ ಮೇಲೆ ಹಚ್ಚುವ ನೀರು ಜಾರಿಸುವ ದ್ರವ ಸರಿಯಾಗಿ ಹಿಡಿಯುವುದಿಲ್ಲ. ಆ ದ್ರವವೂ ಬಟ್ಟೆಯ ಹುಡ್ಡಿಗೆ ಮಾತ್ರ. ರೆಕ್ಸಿನ್‌ಗೆ ಬಿಸಿಲಿನಿಂದ ರಕ್ಷಿಸುವ, ವಿನೈಲ್‌ಗೆಂದೇ (ಅಂದರೆ ಪಿವಿಸಿಗೆ) ಇರುವ ಲೇಪ ಬೇಕು.

ಒದ್ದೆ ಹುಡ್ಡನ್ನು ಮಡಚಿಡುವುದು, ಇಲ್ಲವೇ ಅದರ ಮೇಲೆ ಪ್ಲಾಸ್ಟಿಕ್ ಟಾರ್ಪಾಲು ಬಿಗಿದು ಕಟ್ಟುವುದು ಬೂಷ್ಟನ್ನು ಕರೆದು ಕೂರಿಸಿದಂತೆ. ಮೇಲೆ ಸೂರಿದ್ದು ಪಕ್ಕದಿಂದ ಗಾಳಿ ಆಡುವ ಶೆಡ್ ಎಲ್ಲಕ್ಕಿಂತ ಒಳ್ಳೆಯದು. ಅದು ಸೌದೆ ಕೊಟ್ಟಿಗೆಯಾಗದಿದ್ದರೆ ಮೇಲು, ಏಕೆಂದರೆ ಇಲಿಗೆ ಹುಡ್ ಬಹಳ ಪ್ರಿಯ.

ಹಿಂದಿನ ಪ್ಲಾಸ್ಟಿಕ್ ಕಿಟಕಿಗೆ ಅಮೋನಿಯಾ ಇರುವ ಗಾಜು ಕ್ಲೀನರ್ ಬೇಡ, ಕಿಟಕಿ ಮಂಕಾಗುತ್ತದೆ. ಡಿಸೆಂಬರ್‌ನ ಚಳಿಯಲ್ಲಿ ಅದು ಬಿರುಸಾಗಿರುವುದರಿಂದ, ಬಿಸಿಲು ತಾಗಿ ಮೆತ್ತಗಾದ ಮೇಲಷ್ಟೇ ಮಡಚಬೇಕು. ಜಿಪ್ ಬಿಗಿಯಾದರೆ ಮೇಣದಬತ್ತಿ ಉಜ್ಜಿದರಾಯಿತು.

ಮರುಹೊಲಿಗೆಯಲ್ಲಿ ದರ್ಜಿಯನ್ನು ಒಂದು ಮಾತು ಕೇಳಲೇಬೇಕು: ಹಳೆಯ ತೂತುಗಳಲ್ಲೇ ಸೂಜಿ ಹಾಯಿಸುತ್ತೀರಾ? ಪಕ್ಕದಲ್ಲೇ ಮತ್ತೊಂದು ಸಾಲು ಹೊಡೆದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಬಟ್ಟೆ ಅಂಚೆಚೀಟಿಯ ಅಂಚಿನಂತಾಗಿ ಗಾಳಿಯ ಮೊದಲ ಎಳೆತಕ್ಕೇ ಅಲ್ಲಿಂದ ಸೀಳಬಹುದು. ಹಳೆಯ ತೂತು ಹಿಡಿದು ಹೊಲಿಯಲು ಕೆಲವು ಕಡೆ ಕೈಸೂಜಿಯೇ ಬೇಕು. ಕೂಲಿ ಹೆಚ್ಚಾಗುತ್ತದೆ, ಆದರೂ ಹೊಸ ಹುಡ್ಡಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.